ಶೀತಲ ಸಮರದ ನಡುವೆ ಸಿಡುಬಿನ ಸೋಲು

1958ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ವಿಶ್ವ ಆರೋಗ್ಯ ಸಭೆ ಸೇರಿತ್ತು. ಸೋವಿಯತ್ ಒಕ್ಕೂಟ 1949ರಿಂದ ವರ್ಷಗಟ್ಟಲೆ ವಿಶ್ವ ಆರೋಗ್ಯ ಸಂಸ್ಥೆಯಿಂದ ದೂರ ಉಳಿದು ಮರಳಿ ಬಂದಿತ್ತು. ಅದರ ಉಪ ಆರೋಗ್ಯ ಸಚಿವ ವಿಕ್ಟರ್ ಝ್ದಾನೊವ್ ಎದ್ದು ನಿಂತು, ಭೂಮಿಯಿಂದಲೇ ಸಿಡುಬನ್ನು ಅಳಿಸೋಣ ಎಂದರು. ಸಮರ್ಥನೆಗೆ ಅವರು ನೆನೆದದ್ದು ಅಮೆರಿಕದ ಅಧ್ಯಕ್ಷ ಜೆಫರ್ಸನ್, ಲಸಿಕೆಯ ಜನಕ ಜೆನ್ನರ್‌ಗೆ 1806ರಲ್ಲಿ ಬರೆದ ಪತ್ರವನ್ನು. ಎದುರಾಳಿಯ ಹಿರಿಯನನ್ನು ಅವನ ಮನೆಯಂಗಳದಲ್ಲೇ ಗೌರವಿಸುವುದು ದೊಡ್ಡ ರಾಜತಾಂತ್ರಿಕ ನಡೆ.

ಮರುವರ್ಷ ನಿರ್ಣಯವಾಯಿತು, ಹಣ ಬರಲಿಲ್ಲ.

ಅಮೆರಿಕದ ಒಲವೆಲ್ಲ ಆಗ ಮಲೇರಿಯಾ ನಿರ್ಮೂಲನೆಯತ್ತ ಇತ್ತು. ಸಿಡುಬಿನ ಕೆಲಸಕ್ಕೆ ವೇಗ ಬಂದದ್ದು 1967ರಲ್ಲಿ, ಅಮೆರಿಕದ ಡಿ. ಎ. ಹೆಂಡರ್ಸನ್ ಮುಂದಾಳತ್ವದಲ್ಲಿ. ಸೋಲು ಖಚಿತವೆಂದು ನಂಬಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರು, ಅಪವಾದ ಅಮೆರಿಕದ ತಲೆಗೇ ಬರಲೆಂದು ಅಮೆರಿಕನ್ನನ್ನೇ ಕೇಳಿ ಪಡೆದರೆಂದು ಹೆಂಡರ್ಸನ್ ಮುಂದೆ ದಾಖಲಿಸಿದ್ದಾರೆ. ಬಣದ ಲೆಕ್ಕಾಚಾರ ಅಲ್ಲಿಯೂ ಬಿಡಲಿಲ್ಲ. ಆದರೂ ಸೋವಿಯತ್ ಕಾರ್ಖಾನೆಗಳ ನೂರು ಕೋಟಿಗೂ ಮೀರಿದ ಡೋಸ್‌ಗಳು ಬಂದವು; ಅವುಗಳಲ್ಲಿ ಹಲವು ಅಮೆರಿಕದಲ್ಲಿ ರೂಪುಗೊಂಡ ಕವಲು ಸೂಜಿಯ ಮೂಲಕ ಹಳ್ಳಿಗರ ತೋಳು ಸೇರಿದವು. ಕರ್ನಾಟಕದ ಹಿರಿಯರ ತೋಳಿನಲ್ಲಿ ‘ದೇವಿ ಹಾಕಿಸಿದ’ ಕಲೆ ಇಂದಿಗೂ ಕಾಣುತ್ತದೆ.

1974ರಲ್ಲಿ ಸಿಡುಬಿನಿಂದ ಬಿಹಾರ ತತ್ತರಿಸಿತು. ಆರೋಗ್ಯ ಕಾರ್ಯಕರ್ತರು ಮನೆಮನೆಯಲ್ಲಿ ರೋಗಿಗಳನ್ನು ಹುಡುಕಿದರು. ಮರುವರ್ಷ ಭಾರತದ ಕೊನೆಯ ಪ್ರಕರಣ, 1977ರಲ್ಲಿ ಸೊಮಾಲಿಯಾದಲ್ಲಿ ಜಗತ್ತಿನ ಕೊನೆಯ ಸಹಜ ಪ್ರಕರಣ ದಾಖಲಾದವು. 1980ರ ಮೇ 8ರಂದು ಸಿಡುಬು ಮುಕ್ತಿ ಘೋಷಣೆಯಾಯಿತು.

ಉಳಿದ ವೈರಾಣು ಮಾತ್ರ ಅಮೆರಿಕ, ರಷ್ಯಾಗಳ ಎರಡು ಪ್ರಯೋಗಾಲಯಗಳಲ್ಲಿದೆ. ಅದನ್ನು ನಾಶಪಡಿಸುವ ತೀರ್ಮಾನವನ್ನು ಮತ್ತೆ ಮತ್ತೆ ಮುಂದೂಡಲಾಗಿದೆ.