ಬೆಂಡೆ ಎಲೆಗೆ ಹಳದಿ ಬಳಿದವರು ಯಾರು? (ಭಾಗ 6)

ಬೋಗಾದಿಯ ಒಂದು ಹಿತ್ತಲಲ್ಲಿ ತೆಗೆದ ಫೋಟೋ ಇದು. ಜೂಮ್ ಮಾಡಿ ನೋಡಿ, ಎಲೆ ನರಗಳೆಲ್ಲ ಹಳದಿ ಬಲೆ ಥರ ಇವೆ. ಇದು ಬೆಂಡೆಯ ನಂಜು ರೋಗ. ಬಂದ್ರೆ ಕಾಯಿ ಬಿಳಿಚಿಕೊಳ್ಳುತ್ತೆ, ಮಾರ್ಕೆಟ್‌ನಲ್ಲಿ ಕೇಳೋರೇ ಇರಲ್ಲ.

1924ರಲ್ಲೇ ಮುಂಬೈ ಪ್ರಾಂತ್ಯದಲ್ಲಿ ಇದು ದಾಖಲಾಗಿತ್ತು (ಆಗ ನಮ್ಮ ಧಾರವಾಡ, ಬೆಳಗಾವಿ ಕೂಡ ಅದರೊಳಗೇ ಇದ್ವು). ಹರಡೋದು ಬಿಳಿನೊಣ ಅಂತ ಆಮೇಲೆ ಗೊತ್ತಾಯ್ತು. ತಪ್ಪೆಲ್ಲ ವೈರಸ್‌ದೇ ಅಂದುಕೊಂಡಿದ್ದರು. 2003ರಲ್ಲಿ ಮಧುರೈ ಕಾಮರಾಜ್ ವಿಶ್ವವಿದ್ಯಾಲಯದವರು ಆ ವೈರಸ್ ಒಂದನ್ನೇ ಗಿಡಕ್ಕೆ ಕೊಟ್ಟರೆ ಎಲೆ ಸ್ವಲ್ಪ ಮುದುಡಿತು, ಅಷ್ಟೇ. ಜೊತೆಗೆ ಇನ್ನೊಂದು ಪುಟ್ಟ ಡಿಎನ್‌ಎ ಉಂಗುರ ಸೇರಿಸಿದಾಗ ಹಳದಿ ಬಂತು! ಅದೇ ಬೀಟಾಸ್ಯಾಟಲೈಟ್. ಸುಮಾರು 1,350 ಅಕ್ಷರ, ವೈರಸ್‌ನ ಅರ್ಧದಷ್ಟು. ಅದರ ನಕಲು ತೆಗೆಯೋಕೆ ವೈರಸ್ಸೇ ಬೇಕು. ಬದಲಿಗೆ ಅದು ಗಿಡದ ಕಾವಲನ್ನ ಮಲಗಿಸುತ್ತೆ. ಬಿಕಾಂನವರಿಗೆ ಬಿಡಿಸಿ ಹೇಳಬೇಕಾ, ಪಕ್ಕಾ ಪಾರ್ಟ್‌ನರ್‌ಶಿಪ್.

ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಕಾಡು ಬೆಂಡೆ ಜೊತೆ ಕೂಡಿಸಿ ‘ಅರ್ಕಾ ಅನಾಮಿಕ’ ಅನ್ನೋ ತಳಿ ತಂದಿತ್ತು. ಮೊದಮೊದಲು ರೋಗ ತಡೀತು, ಆಮೇಲೆ ಅದಕ್ಕೂ ಹಳದಿ. 2011ರಲ್ಲಿ ಅದೇ ಸಂಸ್ಥೆಯ ವಿಜ್ಞಾನಿಗಳು ದೇಶದ ಬೇರೆ ಬೇರೆ ಕಡೆಯ ಬೆಂಡೆ ಎಲೆಗಳನ್ನ ಪರೀಕ್ಷಿಸಿ ಬರೆದರು: ಸ್ಯಾಟಲೈಟ್ ಎಲ್ಲ ಕಡೆ ಒಂದೇ ಅಲ್ಲ, ಬೇರೆ ಬೇರೆ ಗುಂಪುಗಳಿವೆ. ಒಂದರ ತುಂಡು ಇನ್ನೊಂದರಲ್ಲಿ ಸೇರಿರೋದೂ ಉಂಟು. ಇಷ್ಟು ವೇಷ ಹಾಕೋದನ್ನ ಒಂದೇ ತಳಿ ಎಷ್ಟು ದಿನ ತಡೀಬೇಕು ಹೇಳಿ? ಬೆಳೆ ಹೋದ್ರೆ ‘ಸರಿಯಾಗಿ ಔಷಧಿ ಹೊಡೆದಿಲ್ಲ’ ಅಂತ ರೈತನ್ನೇ ಬೈಯೋದು ನನಗಂತೂ ಅನ್ಯಾಯ ಅನ್ಸುತ್ತೆ.

ನಿಮ್ಮನೆ ಬೆಂಡೆ ಗಿಡ ಹೀಗಾಗಿದ್ರೆ ಫೋಟೋ ಕಳಿಸಿ. ಆಮೇಲೆ ಗಿಡ ಕಿತ್ತುಬಿಡಿ, ಪಕ್ಕದ ಗಿಡಕ್ಕೆ ಬಿಳಿನೊಣ ಹೋಗೋಕೆ ಮುಂಚೆ.