ಕವಲೇದುರ್ಗ: ಕಲ್ಲುಹಾಸಿನ ದಾರಿ

ನೀವು ಏರುತ್ತಿರುವುದು ಕೆಳದಿ ಅರಸರ ಕಾಲದ ದಾರಿ. ಗದ್ದೆಯ ಬದಿಯಿಂದ ಹೊರಟು, ಕಾಡಿನ ನೆರಳಿನಲ್ಲಿ ಸಾಗುವ ಈ ಕಲ್ಲುಹಾಸು ಬೆಟ್ಟದ ಮೇಲಿನ ಮೂರು ಸುತ್ತಿನ ಕೋಟೆಯನ್ನು ಮುಟ್ಟುತ್ತದೆ. ಭುವನಗಿರಿ ದುರ್ಗ ಎಂಬ ಹೆಸರೂ ಇದ್ದ ಈ ಕೋಟೆಯನ್ನು ಬಲಪಡಿಸಿದವನು ಕೆಳದಿಯ ಅರಸ ವೆಂಕಟಪ್ಪ ನಾಯಕ. 1763ರಲ್ಲಿ ಮೈಸೂರಿನ ಹೈದರಾಲಿ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಗೆದ್ದಾಗ ಕೆಳದಿಯ ಆಳ್ವಿಕೆ ಮುಗಿಯಿತು.

ಮೊದಲ ಬಾಗಿಲಲ್ಲಿ ತುಸು ನಿಂತು ಗೋಡೆಯನ್ನು ನೋಡಿ. ಭಾರೀ ಕಲ್ಲುಗಳನ್ನು ಒಂದರ ಮೇಲೊಂದು ಕೂರಿಸಿ, ಬೆಟ್ಟದ ಏರಿಳಿತಕ್ಕೆ ತಕ್ಕಂತೆ ಗೋಡೆ ಎಬ್ಬಿಸಿದ್ದಾರೆ. ಬಾಗಿಲ ಇಕ್ಕೆಲದಲ್ಲಿ ಕಾವಲುಗಾರರ ಕೋಣೆಗಳಿವೆ. ಒಳಗೆ ಕಾಶಿ ವಿಶ್ವನಾಥ ದೇವಾಲಯ, ಅದರ ಮುಂದೆ ಎರಡು ಎತ್ತರದ ಕಂಬಗಳು.

ಅರಮನೆಯ ಚಾವಣಿ ಉಳಿದಿಲ್ಲ. ಜಗುಲಿ, ಮೆಟ್ಟಿಲು, ಅಡಿಪಾಯಗಳಿಂದಲೇ ಕೋಣೆಗಳನ್ನು ಗುರುತಿಸಬೇಕು. ಆದರೂ ಅಡುಗೆಮನೆಯನ್ನು ತಪ್ಪಿಸಬೇಡಿ. ಹಲವು ಪಾತ್ರೆಗಳನ್ನು ಒಟ್ಟಿಗೆ ಇಡಬಹುದಾದ ಕಲ್ಲಿನ ಒಲೆ ಅಲ್ಲಿದೆ. ಇಲ್ಲಿ ಬದುಕಿದವರ ದಿನಚರಿಯನ್ನು ಅದು ಕೋಟೆಗೋಡೆಗಿಂತ ಚೆನ್ನಾಗಿ ಹೇಳುತ್ತದೆ. ಸಮೀಪದಲ್ಲೇ ಸ್ನಾನದ ಮನೆ ಇದೆ. ಬೆಟ್ಟದ ಮೇಲೆ ಜನ ನೆಲೆಸಲು ಆಸರೆಯಾದದ್ದು ಇಲ್ಲಿನ ಕೊಳಗಳು.

ಮಳೆಗಾಲದಲ್ಲಿ ಪಾಚಿಗಟ್ಟಿದ ಕಲ್ಲು ಜಾರುತ್ತದೆ, ಇಂಬಳಗಳೂ ಇರುತ್ತವೆ. ಒಲೆ ಮತ್ತು ಗೋಡೆಗಳ ಮೇಲೆ ಹತ್ತಬೇಡಿ. ಕತ್ತಲಾಗುವ ಮೊದಲೇ ಇಳಿಯಿರಿ.