ಶಿಕ್ಷಕ ಪ್ರಶಿಕ್ಷಣಾರ್ಥಿಗಳ ಓದಿನ ರೂಢಿ ಮತ್ತು ಆಪ್ತಸಮಾಲೋಚನೆ

ಬಿ.ಇಡಿ., ಡಿ.ಇಎಲ್.ಇಡಿ. ತರಬೇತಿಯಲ್ಲಿರುವವರು ತಮ್ಮ ಓದಿನ ರೀತಿಯನ್ನು ತಾವೇ ಅರಿತು ತಿದ್ದಿಕೊಳ್ಳಲು ನೆರವಾಗುವ ಮಾತುಕತೆಯ ಕ್ರಮ. ಇದು ಬುದ್ಧಿವಾದವಲ್ಲ, ಇಲ್ಲಿ ಹೆಚ್ಚು ಮಾತಾಡಬೇಕಾದವರು ಪ್ರಶಿಕ್ಷಣಾರ್ಥಿಗಳೇ.

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಿಂದ ಬಿ.ಇಡಿ. ಎರಡು ವರ್ಷದ್ದಾಯಿತು. ಅದರಲ್ಲಿ ಕನಿಷ್ಠ 20 ವಾರ ಶಾಲೆಗಳ ಒಡನಾಟಕ್ಕೆ ಮೀಸಲು. ಹಗಲು ಪಾಠ ಮಾಡಿ ಬಂದವರು ರಾತ್ರಿ ಪಾಠಯೋಜನೆ ಬರೆಯಬೇಕು, ಚಾರ್ಟ್ ಬಿಡಿಸಬೇಕು, ರೆಕಾರ್ಡ್ ಮುಗಿಸಬೇಕು. ಹಾಸ್ಟೆಲ್ ಕೋಣೆಯಲ್ಲಿ ಹನ್ನೊಂದು ಗಂಟೆಗೂ ಸ್ಕೆಚ್ ಪೆನ್ ಹಿಡಿದು ಕೂತವರು ಮನೋವಿಜ್ಞಾನದ ಪುಸ್ತಕ ತೆರೆಯುವುದು ಪರೀಕ್ಷೆ ಹತ್ತಿರ ಬಂದಾಗಲೇ. ಅವರನ್ನು ಸೋಮಾರಿಗಳೆನ್ನುವುದು ಅನ್ಯಾಯ.

ಸಮಾಲೋಚಕರೇ ದಾರಿ ತೋರಿಸುವ ನಿರ್ದೇಶಿತ ಪದ್ಧತಿ ಇ.ಜಿ. ವಿಲಿಯಂಸನ್ ಅವರದು. ಎದುರು ಕೂತವರಿಗೇ ತಮ್ಮ ದಾರಿ ಕಾಣಬಲ್ಲದು ಎಂಬ ಅನಿರ್ದೇಶಿತ ಪದ್ಧತಿಯನ್ನು ಕಾರ್ಲ್ ರೋಜರ್ಸ್ 1942ರಲ್ಲಿ ಮಂಡಿಸಿದರು. ಓದಿನ ವಿಷಯದಲ್ಲಿ ಎರಡೂ ಬೇಕು: ಮೊದಲು ಕೇಳಿಸಿಕೊಳ್ಳುವುದು, ಆಮೇಲೆ ವಿಧಾನ ಹೇಳಿಕೊಡುವುದು.

ಮೊದಲ ಭೇಟಿಯಲ್ಲಿ ಹೊಸ ವೇಳಾಪಟ್ಟಿ ಕೊಡುವುದಕ್ಕಿಂತ ಕಳೆದ ವಾರದ ಹೊತ್ತು ಎಲ್ಲಿ ಹೋಯಿತೆಂದು ಗಂಟೆಗಂಟೆಯಾಗಿ ಬರೆಸುವುದು ಮೇಲು. ಬಸ್ಸಿಗೆ ಎಷ್ಟು, ಮೊಬೈಲಿಗೆ ಎಷ್ಟು, ಮನೆಗೆಲಸಕ್ಕೆ ಎಷ್ಟು ಎಂಬುದು ಒಂದೇ ಹಾಳೆಯಲ್ಲಿ ಕಾಣುತ್ತದೆ. ಮುಂದಿನದು ಓದುವ ಬಗೆ. ಫ್ರಾನ್ಸಿಸ್ ರಾಬಿನ್ಸನ್ 1946ರಲ್ಲಿ ಹೇಳಿದ ಐದು ಹೆಜ್ಜೆಗಳು ಮೇಲುನೋಟ, ಪ್ರಶ್ನೆ, ಓದು, ಒಪ್ಪಿಸುವಿಕೆ, ಪುನರಾವರ್ತನೆ. ಇವುಗಳಲ್ಲಿ ಪುಸ್ತಕ ಮುಚ್ಚಿ ನೆನಪಿನಿಂದ ಒಪ್ಪಿಸುವುದನ್ನೇ ಹೆಚ್ಚಿನವರು ಬಿಡುತ್ತಾರೆ. ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದು ನೋಡಿದ್ದವರು ಮುಂದಾದರು. ನಾಳೆ ತರಗತಿಯಲ್ಲಿ ನಿಲ್ಲುವವರಿಗೆ ಇದು ಎರಡು ಪಟ್ಟು ಮುಖ್ಯ: ತಾವು ಓದುವ ಬಗೆಯನ್ನೇ ಅವರು ಮಕ್ಕಳಿಗೂ ದಾಟಿಸುತ್ತಾರೆ.

ದೊಡ್ಡ ತೊಡಕು ಬೇರೆಡೆ ಇದೆ. ಎನ್‌ಸಿಇಆರ್‌ಟಿ ಶಿಕ್ಷಕರಿಗಾಗಿ ಸಮಾಲೋಚನೆಯ ಡಿಪ್ಲೊಮಾ ನಡೆಸುತ್ತದಾದರೂ, ಅನೇಕ ಕಾಲೇಜುಗಳಲ್ಲಿ ಈ ಕೆಲಸ ಬೀಳುವುದು ಮಾರ್ಗದರ್ಶಕ ಉಪನ್ಯಾಸಕರ ಮೇಲೆ. ಆಂತರಿಕ ಅಂಕ ಹಾಕುವವರೂ ಅವರೇ. ಅಂಥವರ ಮುಂದೆ ಕೂತು "ಓದೋಕೆ ಆಗ್ತಿಲ್ಲ ಸಾರ್" ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.